ಯಾವ ಯುದ್ಧ, ಯಾವ ಕೆಲಸ ಎಂದು ಕೇಳಿ

ಕೊಡಗಿನಿಂದ ಅಮೆರಿಕದ ಸ್ಯಾನ್ ಆಂಟೋನಿಯೊ ನಗರದ ಆಸ್ಪತ್ರೆಗೆ ನರ್ಸ್ ಆಗಿ ಬಂದಿರುವ ನೀವು, ಸೇನೆಯ ಅನುಭವವೇ ಇಲ್ಲದ ತಾವು ಇಲ್ಲಿಯ ಮಾಜಿ ಸೈನಿಕರ ಆರೈಕೆಗೆ ಹೇಗೆ ಸಿದ್ಧರಾಗಬೇಕು, ಅವರಿಗೆ ಪ್ರತ್ಯೇಕವಾಗಿ ವಿಎ, ಅಂದರೆ ಸರ್ಕಾರದ ಮಾಜಿ ಸೈನಿಕರ ಇಲಾಖೆಯ, ಆಸ್ಪತ್ರೆಗಳಿಲ್ಲವೇ ಎಂದು ಕೇಳಿದ್ದೀರಿ. ಆ ಆಸ್ಪತ್ರೆಗಳು ಇವೆ. ಆದರೆ ಅಲ್ಲಿ ಹೆಸರು ನೋಂದಾಯಿಸದವರು ಬಹಳ ಮಂದಿ, ನೋಂದಾಯಿಸಿದವರೂ ದೂರ ಅಥವಾ ಕಾಯುವ ಅವಧಿ ಹೆಚ್ಚಾದಾಗ ವಿಎ ವೆಚ್ಚದಲ್ಲಿಯೇ ಹೊರಗೆ ಚಿಕಿತ್ಸೆ ಪಡೆಯಲು 2018ರ ಮಿಷನ್ ಕಾಯ್ದೆ ಅವಕಾಶ ಕೊಟ್ಟಿದೆ. ವಿಎ ನೇಮಕಾತಿಯಲ್ಲಿ ಅಮೆರಿಕದ ಪ್ರಜೆಗಳಿಗೆ ಆದ್ಯತೆ ಇರುವುದರಿಂದ, ನಮ್ಮಂತೆ ಹೊರಗಿನಿಂದ ಬಂದವರು ಅವರನ್ನು ಮೊದಲು ಕಾಣುವುದು ಸಾಮಾನ್ಯ ವಾರ್ಡಿನಲ್ಲಿಯೇ.

ನಿಮ್ಮ ಮನೆಯಲ್ಲಿಯೂ ಸೇನೆಯಿಂದ ನಿವೃತ್ತರಾದ ಹಿರಿಯರಿದ್ದಾರೆಂದು ಬರೆದಿದ್ದೀರಿ. ಅವರನ್ನು ಕಂಡು ಬೆಳೆದ ಗೌರವ ನಿಮ್ಮ ದೊಡ್ಡ ಬಲ, ಆದರೆ ಅದೊಂದೇ ಸಾಲದು. ದಾಖಲಾತಿಯ ವೇಳೆ ಪ್ರತಿಯೊಬ್ಬ ರೋಗಿಯನ್ನೂ, ಹೆಂಗಸರನ್ನೂ ಬಿಡದೆ, ಎಂದಾದರೂ ಸೇನೆಯಲ್ಲಿ ಸೇವೆ ಸಲ್ಲಿಸಿದ್ದೀರಾ ಎಂದು ಕೇಳಿರಿ. ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ ಈ ಪ್ರಶ್ನೆಗಾಗಿಯೇ ಅಭಿಯಾನ ನಡೆಸಿದೆ. ಹೌದೆಂದರೆ ಎಲ್ಲಿ, ಯಾವಾಗ, ಯಾವ ಕೆಲಸದಲ್ಲಿದ್ದರು ಎಂಬುದನ್ನು ಕೇಳಿ ಬರೆದಿಡಿ, ಏಕೆಂದರೆ ಕಾಯಿಲೆಯ ಸುಳಿವು ಇರುವುದು ಅಲ್ಲಿಯೇ. ವಿಯೆಟ್ನಾಂನಲ್ಲಿ ಏಜೆಂಟ್ ಆರೆಂಜ್ ಎಂಬ ಎಲೆ ಉದುರಿಸುವ ವಿಷ ಸಿಂಪಡಿಸಿದ ಕಾಡುಗಳಲ್ಲಿದ್ದವರ ಮಧುಮೇಹ, ಪಾರ್ಕಿನ್ಸನ್, ಪ್ರಾಸ್ಟೇಟ್ ಕ್ಯಾನ್ಸರ್‌ಗಳನ್ನು ಸರ್ಕಾರ ಸೇವೆಗೆ ಸಂಬಂಧಿಸಿದವೆಂದೇ ಪರಿಗಣಿಸುತ್ತದೆ. ಕೊರಿಯಾದ ಹಿಮದಲ್ಲಿ ಹೋರಾಡಿದ ವೃದ್ಧರಿಗೆ ಪಾದಗಳಲ್ಲಿ ಜೋಮು, ನೋವು ಇಂದಿಗೂ ಉಳಿದಿರಬಹುದು. ಇರಾಕ್, ಅಫ್ಘಾನಿಸ್ತಾನಗಳಲ್ಲಿ ತೆರೆದ ಗುಂಡಿಗಳಲ್ಲಿ ಸುಟ್ಟ ಕಸದ ಹೊಗೆ ಕುಡಿದವರಿಗೆ 2022ರ ಪ್ಯಾಕ್ಟ್ ಕಾಯ್ದೆ ಹೊಸ ಸೌಲಭ್ಯಗಳನ್ನು ತಂದಿದೆ. ಸ್ಫೋಟದಿಂದ ಮಿದುಳಿಗೆ ಪೆಟ್ಟು ಬಿದ್ದವರು ತಲೆನೋವು, ಮರೆವು, ಸಿಡುಕಿನಿಂದ ನರಳುತ್ತಿದ್ದರೆ ಅದನ್ನು ಸ್ವಭಾವದ ದೋಷವೆಂದು ತಿಳಿಯಬೇಡಿ. ಪ್ಯಾಕ್ಟ್ ಕಾಯ್ದೆಯ ವಿಷಯ ತಿಳಿಯದ ಎಷ್ಟೋ ರೋಗಿಗಳಿದ್ದಾರೆ, ಆದ್ದರಿಂದ ಸಮಾಜ ಕಾರ್ಯಕರ್ತರಿಗೆ ತಿಳಿಸುವುದನ್ನು ನಿಮ್ಮ ಕರ್ತವ್ಯವೆಂದೇ ಭಾವಿಸಿ.

ಯುದ್ಧದ ಆಘಾತ ಮನಸ್ಸಿನಲ್ಲಿ ಉಳಿದವರನ್ನು ನಿದ್ದೆಯಿಂದ ಎಬ್ಬಿಸುವಾಗ ಭುಜ ಮುಟ್ಟಿ ಅಲುಗಾಡಿಸದೆ, ಹಾಸಿಗೆಯ ಕಾಲ ಬದಿಯಲ್ಲಿ ನಿಂತು ಹೆಸರು ಹಿಡಿದು ಮೆಲ್ಲಗೆ ಕರೆಯಿರಿ. ಬಾಗಿಲು ಕಾಣುವಂತೆ ಹಾಸಿಗೆ ಬೇಕೆಂದರೆ ಸಾಧ್ಯವಿದ್ದಷ್ಟು ಒದಗಿಸಿ. ಯಾರನ್ನಾದರೂ ಕೊಂದಿದ್ದೀರಾ ಎಂಬ ಪ್ರಶ್ನೆಯನ್ನು, ಕುತೂಹಲ ಎಷ್ಟೇ ಇದ್ದರೂ, ಎಂದಿಗೂ ಕೇಳಬಾರದು. ನೋವಿಲ್ಲವೆಂಬ ಮಾತನ್ನೂ ಪೂರ್ತಿ ನಂಬಬೇಡಿ. ನೋವನ್ನು ನುಂಗಿಕೊಳ್ಳುವುದು ಅವರಲ್ಲಿ ಅನೇಕರಿಗೆ ಸೇನೆಯಲ್ಲಿ ರೂಢಿಯಾದದ್ದು.

ಒಂದು ವಿಷಯದಲ್ಲಿ ಸಂಕೋಚ ಬೇಡ. ಬದುಕು ಸಾಕಾಗಿದೆ ಎಂಬ ಮಾತು ಬಂದರೆ ಆತ್ಮಹತ್ಯೆಯ ಯೋಚನೆ ಇದೆಯೇ, ಮನೆಯಲ್ಲಿ ಬಂದೂಕಿದೆಯೇ ಎಂದು ನೇರವಾಗಿ ಕೇಳಿ. ಇಲ್ಲಿ ಅದು ಸಾಮಾನ್ಯ ಪ್ರಶ್ನೆ, ಹೆಚ್ಚಿನವರು ತಪ್ಪು ತಿಳಿಯುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ಚಾರ್ಜ್ ನರ್ಸ್‌ಗೂ ವೈದ್ಯರಿಗೂ ತಕ್ಷಣ ತಿಳಿಸಿ, ಮನೆಗೆ ಕಳುಹಿಸುವ ದಿನ 988ಕ್ಕೆ ಕರೆ ಮಾಡಿ 1 ಒತ್ತಿದರೆ ಮಾಜಿ ಸೈನಿಕರ ಸಹಾಯವಾಣಿ ಸಿಗುತ್ತದೆಂದು ರೋಗಿಗೂ ಮನೆಯವರಿಗೂ ಬರೆದುಕೊಡಿ.