ಕುದುರೆಗೆ ಉಡುಗೊರೆ: ಕ್ಯಾರೆಟ್ಟೋ, ಕರ್ಜಿಕಾಯಿಯೋ?

ಪ್ರಶ್ನೆ: ಮಗಳು ಭಾನುವಾರ ಕುದುರೆ ಸವಾರಿ ಕಲಿಯಲು ಹೋಗುತ್ತಾಳೆ. ತನ್ನ ಹುಟ್ಟುಹಬ್ಬಕ್ಕೆ ಅಲ್ಲಿನ ಹನ್ನೆರಡು ಕುದುರೆಗಳಿಗೂ ಏನಾದರೂ ಕೊಡಬೇಕೆಂಬ ಆಸೆ. ಏನು ಒಯ್ಯಬಹುದು? — ಯಲಹಂಕದ ಓದುಗರು

ಉತ್ತರ: ಅಂಗಡಿಗೆ ಹೋಗುವ ಮೊದಲು ಲಾಯದವರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ: ಯಾವುದಕ್ಕಾದರೂ ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಉರಿಯೂತ, ಬಂದಿತ್ತೇ? ಹಲ್ಲು ಸವೆದ ಮುದಿ ಕುದುರೆ ಇದೆಯೇ? ಸ್ಪರ್ಧೆಗೆ ಹೋಗುವುದಿದೆಯೇ? ಮೊದಲನೆಯದಕ್ಕೆ ಸಿಹಿ ಯಾವುದೂ ಬೇಡ, ಹಣ್ಣು ಕೂಡ. ಎರಡನೆಯದಕ್ಕೆ ಎಲ್ಲವನ್ನೂ ತುರಿದು ಕೊಡಬೇಕು. ಮೂರನೆಯದನ್ನು ಏಕೆ ಕೇಳಬೇಕೆಂಬುದು ಕೆಳಗೆ ರೇಸ್ ಕುದುರೆಯ ಉತ್ತರದಲ್ಲಿದೆ.

ಉಳಿದವಕ್ಕೆ ಕ್ಯಾರೆಟ್‌ನಷ್ಟು ನಿಶ್ಚಿಂತೆಯ ಉಡುಗೊರೆ ಬೇರೆ ಇಲ್ಲ. ತಲೆಗೆ ಎರಡು ಮಧ್ಯಮ ಗಾತ್ರದವು ಸಾಕು; ಎರಡೂವರೆ ಕೆಜಿ ತಂದರೆ ಎಲ್ಲಕ್ಕೂ ಆಗುತ್ತದೆ. ಬಿಲ್ಲೆ ಬಿಲ್ಲೆಯಾಗಿ ಮಾತ್ರ ಹೆಚ್ಚಬೇಡಿ. ದುಂಡು ತುಂಡನ್ನು ಆತುರದ ಕುದುರೆ ಅಗಿಯದೆ ನುಂಗಿದರೆ ಅದು ಅನ್ನನಾಳದಲ್ಲಿ ಬಿರಡೆಯಂತೆ ಕೂರುತ್ತದೆ. ಕುದುರೆಗೆ ವಾಂತಿ ಮಾಡಿ ಹೊರಹಾಕಲು ಆಗುವುದಿಲ್ಲ. ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಟ್ಟರೆ ಕಚ್ಚಿ ಅಗಿಯಲೇಬೇಕಾಗುತ್ತದೆ. ಮನೆಯಲ್ಲೇ ಸೀಳಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬಿಸಿಲಿಗೆ ಲೋಳೆಯಾಗುತ್ತದೆ; ಚಾಕು ಒಯ್ದು ಅಲ್ಲೇ ಸೀಳಿ. ಜೊತೆಗೆ ಆರು ಸೇಬು ಇರಲಿ, ಒಂದೊಂದನ್ನು ಎಂಟು ಹೋಳು ಮಾಡಿ ಎರಡು ಕುದುರೆಗಳಿಗೆ ಹಂಚಿ.

ಕೊಡುವುದು ಸವಾರಿ ಮುಗಿದು ಮೈ ಆರಿದ ಮೇಲೆ. ಒಂದಕ್ಕೆ ಕೊಟ್ಟು ಪಕ್ಕದ್ದನ್ನು ಬಿಟ್ಟರೆ ಕಚ್ಚಾಟ, ಒದೆತ ಶುರುವಾಗುತ್ತದೆ; ಆದ್ದರಿಂದ ಪ್ರತಿಯೊಂದರ ಬೋಗುಣಿಗೂ ಹಾಕುತ್ತಾ ಸಾಗಿ. ಒಂದು ದಿನದಲ್ಲಿ ಮುಗಿಯದ ಉಡುಗೊರೆ ಬೇಕೆಂದರೆ ಲಾಯಕ್ಕೆ ಇಂದುಪ್ಪಿನ ದೊಡ್ಡ ಗಟ್ಟಿ ಕೊಡಿ. ಬೆವರು ಸುರಿಸುವ ಪ್ರಾಣಿಗೆ ಉಪ್ಪು ಬೇಕೇ ಬೇಕು. ಮಳೆ ಬೀಳದ ಕಡೆ, ನೀರಿನ ಬಕೆಟ್ ಹತ್ತಿರ ಇಡಲಿ.

ಪ್ರಶ್ನೆ: ಮನೆಯಲ್ಲೇ ಬಿಸ್ಕತ್ತು ಮಾಡಿ ಡಬ್ಬಿಯಲ್ಲಿ ಕೊಡಬಹುದೇ? — ಹುಬ್ಬಳ್ಳಿಯ ಓದುಗರು

ಉತ್ತರ: ಧಾರಾಳವಾಗಿ. ಎರಡು ಲೋಟ ಓಟ್ಸ್, ಒಂದು ಲೋಟ ಕ್ಯಾರೆಟ್ ತುರಿ, ಎರಡು ಚಮಚ ಅಗಸೆ ಪುಡಿ, ಕಾಲು ಲೋಟ ಬಿಸಿನೀರಿನಲ್ಲಿ ಕರಗಿಸಿದ ಒಂದು ಚಮಚ ಬೆಲ್ಲ. ಕಲಸಿ ಹದಿನೈದು ನಿಮಿಷ ಬಿಡಿ. ಉಂಡೆ ಕಟ್ಟದೆ ಚಪ್ಪಟೆಯಾಗಿ ತಟ್ಟಿ, 175 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಮುರಿದಾಗ ನಡುವೆ ಪಸೆ ಕಂಡರೆ 120ಕ್ಕೆ ಇಳಿಸಿ ಇನ್ನೊಂದು ಕಾಲು ಗಂಟೆ. ಬೆಲ್ಲ ಹೆಚ್ಚಾದರೆ ತಳ ಸೀಯುತ್ತದೆ, ಒಳಗೆ ಹಸಿಯಾಗೇ ಉಳಿಯುತ್ತದೆ. ಬಿಸಿ ಇರುವಾಗಲೇ ಮುಚ್ಚಳ ಹಾಕುವುದು ಬಹುತೇಕರು ಮಾಡುವ ತಪ್ಪು: ಡಬ್ಬಿ ಬೆವರಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡರೆ ಕೆರೆದು ಕೊಡುವ ಮಾತೇ ಇಲ್ಲ, ಇಡೀ ಡಬ್ಬಿ ಕಸಕ್ಕೆ. ಫ್ರಿಜ್‌ನಲ್ಲಿ ಐದು ದಿನ, ಕುದುರೆಗೆ ಎರಡು ಬಿಸ್ಕತ್ತು. ಮಾಡಿದ ದಿನ ಮತ್ತು ಹಾಕಿದ ಪದಾರ್ಥಗಳನ್ನು ಚೀಟಿಯಲ್ಲಿ ಬರೆದು ಅಂಟಿಸಿ.

ಪ್ರಶ್ನೆ: ಪರಿಚಯದವರ ರೇಸ್ ಕುದುರೆಗೆ ಹಬ್ಬದ ಕರ್ಜಿಕಾಯಿ, ಚಾಕೊಲೇಟ್ ಒಯ್ದರೆ ತಪ್ಪೇ? — ಬೆಂಗಳೂರಿನ ಓದುಗರು

ಉತ್ತರ: ತಪ್ಪೇ. ಕರ್ಜಿಕಾಯಿ ಹೂರಣದ ಗಸಗಸೆಯಲ್ಲಿ ಮಾರ್ಫಿನ್‌ನ ಅಂಶ ಇರಬಹುದು. ಚಾಕೊಲೇಟಿನಲ್ಲಿ ಥಿಯೋಬ್ರೋಮಿನ್, ಕೆಫೀನ್ ಇವೆ. ಮೂರೂ ಓಟದ ದಿನ ನಿಷಿದ್ಧ. ಮೂತ್ರ, ರಕ್ತದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಉತ್ತರ ಹೇಳಬೇಕಾದವರು ಟ್ರೇನರ್. ಕುದುರೆಯ ಬಳಿಗೆ ಬರಿಗೈಯಲ್ಲಿ ಹೋಗಿ, ಕರ್ಜಿಕಾಯಿಯನ್ನು ಅದನ್ನು ನೋಡಿಕೊಳ್ಳುವ ಸೈಸ್‌ಗೆ ಕೊಡಿ.

ಪ್ರಶ್ನೆ: ನಮ್ಮ ಬೀದಿಯ ಟಾಂಗಾದವರಿಗೆ ಕುದುರೆಗೆಂದು ಒಂದು ಮೂಟೆ ಪಶು ಆಹಾರ, ಬೆಲ್ಲ ಕೊಡಬೇಕೆಂದಿದ್ದೇವೆ. — ಮೈಸೂರಿನ ಓದುಗರು

ಉತ್ತರ: ದನದ, ಕೋಳಿಯ ಆಹಾರ ಖಂಡಿತ ಬೇಡ. ಅವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧ ಸೇರಿಸಿರುತ್ತಾರೆ. ದನ ಅರಗಿಸಿಕೊಳ್ಳುವ ಅದೇ ಔಷಧ ಕುದುರೆಯ ಹೃದಯದ ಸ್ನಾಯುವನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲದು. ಅದೇ ದುಡ್ಡಿಗೆ ಒಳ್ಳೆಯ ಒಣಹುಲ್ಲು, ಒಂದಿಷ್ಟು ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್ ಮೇವು, ಕೊಡಿಸಿ. ಸೊಪ್ಪಿನ ರೂಢಿ ಇಲ್ಲದ ಕುದುರೆಯಾದರೆ ಹಿಡಿಯಿಂದ ಶುರುಮಾಡಿ ವಾರ, ಹತ್ತು ದಿನದಲ್ಲಿ ಹೆಚ್ಚಿಸಲಿ. ಒಮ್ಮೆಲೇ ಸುರಿದರೆ ಹೊಟ್ಟೆಶೂಲೆ. ರಾಶಿ ಹಾಕಿ ಬಿಸಿಯೇರಿದ ಹಸಿ ಸೊಪ್ಪು, ಲಾನ್ ಕತ್ತರಿಸಿದ ಹುಲ್ಲು ಎರಡೂ ಬೇಡ. ಬೆಲ್ಲ ನೆಲ್ಲಿಕಾಯಿ ಗಾತ್ರದ್ದು ಒಂದೇ, ಅದೂ ಮಾಲೀಕರು ಒಪ್ಪಿದರೆ.

ಕೈಯಿಂದಲೇ ತಿನ್ನಿಸಬೇಕೆಂದರೆ ಅಂಗೈ ಚಪ್ಪಟೆಯಾಗಿ ಹಿಡಿದು ಹೆಬ್ಬೆರಳನ್ನು ಬದಿಗೆ ಒತ್ತಿಕೊಳ್ಳಿ. ತುಟಿಯ ಮುಂದಿರುವುದು ಕುದುರೆಗೆ ಕಾಣುವುದಿಲ್ಲ, ಮೀಸೆಗೂದಲು ತಾಗಿಸಿ ಹುಡುಕುತ್ತದೆ. ಬೆರಳು ಮಡಿಸಿದ್ದರೆ ಅದನ್ನೂ ಕ್ಯಾರೆಟ್ ಎಂದುಕೊಳ್ಳುತ್ತದೆ.