ಪ್ರಮಾಣಪತ್ರವಿತ್ತು, ಕೈಗೆ ಕೆಲಸ ಬಂದಿರಲಿಲ್ಲ

ಈ ಪ್ರಕರಣವನ್ನು ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರನ್ನೂ ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಆಕೆಯನ್ನು ಇಲ್ಲಿ ಸಹನಾ ಎಂದು ಕರೆಯುತ್ತೇನೆ.

ಸಹನಾ ಬೆಂಗಳೂರಿನ ಕಾಲೇಜೊಂದರಲ್ಲಿ ಬಯೋಮೆಡಿಕಲ್ ಸೈನ್ಸ್ ವಿಷಯದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಐದನೇ ಸೆಮಿಸ್ಟರ್ ಆರಂಭವಾದ ಆಗಸ್ಟ್ ತಿಂಗಳಲ್ಲಿ ಸಲಹೆಗಾಗಿ ನನ್ನ ಬಳಿಗೆ ಬಂದಾಗ ಆಕೆ ಹೇಳಿಕೊಂಡ ತೊಂದರೆ ನಿದ್ರೆ ಬಾರದಿರುವುದು ಮತ್ತು ಪ್ರಾಯೋಗಿಕ ತರಗತಿಯಲ್ಲಿ ದ್ರವವನ್ನು ಅಳೆದು ಹಾಕುವ ಪಿಪೆಟ್ ಹಿಡಿದಾಗ ಕೈ ನಡುಗುವುದು. ಮಲೆನಾಡಿನ ಅಂಚಿನ ಹಳ್ಳಿಯಲ್ಲಿ ಎರಡು ಎಕರೆ ಅಡಿಕೆ ತೋಟವಿರುವ ಮನೆಯ ಹಿರಿಯ ಮಗಳು ಆಕೆ. ಮೊದಲ ಭೇಟಿಯಲ್ಲಿ ನಾನು ಓದಿನ ಒತ್ತಡವೆಂದು ಭಾವಿಸಿ ನಿದ್ರೆಯ ಅಭ್ಯಾಸಗಳ ಬಗ್ಗೆ ಮಾತನಾಡಿದೆ. ಅದು ನನ್ನ ಅವಸರವಾಗಿತ್ತು. ಎರಡನೇ ಭೇಟಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದು, ಬ್ಯಾಗಿನಿಂದ ಹೊಳೆಯುವ ಕಾಗದದ ಪ್ರಮಾಣಪತ್ರವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

ಬೇಸಿಗೆ ರಜೆಯಲ್ಲಿ ಆಕೆ ಒಂದು ಖಾಸಗಿ ತರಬೇತಿ ಸಂಸ್ಥೆಗೆ ಇಪ್ಪತ್ತೈದು ಸಾವಿರ ರೂಪಾಯಿ ಕಟ್ಟಿ ಹದಿನೈದು ದಿನಗಳ ‘ಮಾಲಿಕ್ಯುಲರ್ ಬಯಾಲಜಿ ಇಂಟರ್ನ್‌ಶಿಪ್’ಗೆ ಸೇರಿದ್ದಳು. ನಲವತ್ತು ವಿದ್ಯಾರ್ಥಿಗಳು ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಒಂದೇ ಪಿಸಿಆರ್ ಯಂತ್ರದ ಸುತ್ತ ನಿಂತು, ಒಬ್ಬರು ಮಾಡುವುದನ್ನು ನೋಡಿದ್ದರು. ಮಾದರಿಯನ್ನು ಮುಟ್ಟುವ ಅವಕಾಶ ಯಾರಿಗೂ ಸಿಗಲಿಲ್ಲ. ಆ ಹಣ ಅಡಿಕೆ ಮಾರಿ ಬಂದದ್ದು. “ಅಪ್ಪ ಪ್ರತಿ ಸಲ ಫೋನ್ ಮಾಡಿದಾಗಲೂ ಏನೇನು ಕಲಿತೆ ಮಗಳೇ ಅಂತ ಕೇಳ್ತಾರೆ ಮೇಡಂ, ನಾನು ಸುಳ್ಳು ಹೇಳ್ತೀನಿ,” ಎಂದಳು. ಆ ಪ್ರಮಾಣಪತ್ರವನ್ನು ಸೇರಿಸಿ ನಗರದ ಹಲವು ಲ್ಯಾಬ್‌ಗಳಿಗೆ ಅರ್ಜಿ ಕಳಿಸಿದ್ದಳು. ಉತ್ತರ ಬಂದದ್ದು ಎರಡರಿಂದ ಮಾತ್ರ, ಅವೂ ಇಲ್ಲವೆಂದೇ. ಅದರಲ್ಲಿ ಒಂದು ಕಡೆಯವರು, ನಿಮ್ಮದು ಎಂ.ಎಲ್.ಟಿ. (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ) ಅಲ್ಲವಲ್ಲ ಎಂದು ಬರೆದಿದ್ದರು. ಆ ಮಾತು ಆಕೆಯನ್ನು ಎಲ್ಲಕ್ಕಿಂತ ಹೆಚ್ಚು ಕುಗ್ಗಿಸಿತ್ತು.

ಕೈ ನಡುಗುತ್ತಿದ್ದುದು ಅಸಾಮರ್ಥ್ಯದಿಂದಲ್ಲ, ಮುಚ್ಚಿಟ್ಟ ನಾಚಿಕೆಯಿಂದ ಎಂಬುದು ನನಗೆ ಆಗ ಸ್ಪಷ್ಟವಾಯಿತು. ಆದ್ದರಿಂದ ಮೊದಲ ಸಲಹೆ ಲ್ಯಾಬಿಗೆ ಸಂಬಂಧಿಸಿದ್ದಾಗಿರಲಿಲ್ಲ. ಮುಂದೆ ಯಾವುದೇ ಅರ್ಜಿ ಹಾಕುವ ಮೊದಲು ತಂದೆಗೆ ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕು, ಫೋನಿನಲ್ಲಿ ಅಲ್ಲ, ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಎದುರಿಗೆ ಕುಳಿತು ಎಂದೆ. ಹಬ್ಬ ಮುಗಿಸಿ ಬಂದವಳ ಮುಖವೇ ಬೇರೆಯಾಗಿತ್ತು. ತಂದೆ ಸ್ವಲ್ಪ ಹೊತ್ತು ಮಾತನಾಡದೆ, ಆಮೇಲೆ, “ಹೋದ ದುಡ್ಡಿನ ಮಾತು ಬಿಡು, ನಿಜವಾಗಿ ಕಲಿಸೋರು ಎಲ್ಲಿದ್ದಾರೆ ಅಂತ ಹುಡುಕು,” ಎಂದಿದ್ದರಂತೆ. ನನ್ನ ಮುಂದಿನ ಸಲಹೆಗಳೆಲ್ಲ ಆ ತಂದೆಯ ಮಾತಿಗೇ ಉತ್ತರವಾಗಿದ್ದವು.

ಎಂ.ಎಲ್.ಟಿ. ಪದವಿಯನ್ನು ರೋಗಪರೀಕ್ಷಾ ಪ್ರಯೋಗಾಲಯದ ಕೆಲಸಕ್ಕಾಗಿಯೇ ರೂಪಿಸಲಾಗಿದೆ. ಬಯೋಮೆಡಿಕಲ್ ಸೈನ್ಸ್ ಪದವಿಯ ಒಲವು ಬಹುಪಾಲು ಸಂಶೋಧನೆ ಮತ್ತು ಉನ್ನತ ವ್ಯಾಸಂಗದ ಕಡೆಗಿರುತ್ತದೆ. 2021ರ ರಾಷ್ಟ್ರೀಯ ಅಲೈಡ್ (ಪೂರಕ) ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯು ಆರೋಗ್ಯ ವೃತ್ತಿಪರರಿಗೆ ಕನಿಷ್ಠ 3,600 ಗಂಟೆಗಳ, ಅಲೈಡ್ ಆರೋಗ್ಯ ವೃತ್ತಿಪರರಿಗೆ ಕನಿಷ್ಠ 2,000 ಗಂಟೆಗಳ ಶಿಕ್ಷಣವನ್ನು ಹೇಳುತ್ತದೆ. ಸಹನಾಳ ಪದವಿ ಈ ಚೌಕಟ್ಟಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗೆಳತಿಯರ ಊಹೆಗೆ ಬಿಡದೆ ಕಾಲೇಜಿನಿಂದ ಬರಹದಲ್ಲಿ ಕೇಳಿ ಪಡೆಯಲು ಹೇಳಿದೆ. ಇದು ಆಕೆಯ ಕನಸಿಗೆ ಅಡ್ಡಿ ಹಾಕುವುದಕ್ಕಲ್ಲ, ಅರ್ಜಿಯಲ್ಲಿ ತನ್ನನ್ನು ಏನೆಂದು ಪರಿಚಯಿಸಿಕೊಳ್ಳಬೇಕೆಂದು ಆಕೆಗೆ ತಿಳಿದಿರಲಿ ಎಂಬುದಕ್ಕೆ.

ಎರಡನೆಯದಾಗಿ, ರಕ್ತದ ಮೂಲಕ ಹರಡಬಲ್ಲ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ವಿರುದ್ಧದ ಲಸಿಕೆಯ ಬಗ್ಗೆ ಕೇಳಿದೆ. ಹಾಕಿಸಿಕೊಂಡ ನೆನಪಾಗಲಿ ದಾಖಲೆಯಾಗಲಿ ಆಕೆಗಿರಲಿಲ್ಲ. ರಕ್ತದ ಮಾದರಿಗಳಿರುವಲ್ಲಿ ಕೆಲಸ ಕಲಿಯಲು ಹೊರಟ ಪ್ರತಿ ವಿದ್ಯಾರ್ಥಿಯೂ ಇದನ್ನು ಮೊದಲು ಯೋಚಿಸಬೇಕು. ಏಕೆಂದರೆ ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು ಎಂದು ಲೆಕ್ಕ ಹಾಕಿದರೆ ಅರ್ಧ ವರ್ಷವೇ ಹಿಡಿಯುತ್ತದೆ. ಕೊನೆಯ ಡೋಸ್ ಆದ ಒಂದೆರಡು ತಿಂಗಳಲ್ಲಿ ರಕ್ತ ಪರೀಕ್ಷಿಸಿ, ಸೋಂಕನ್ನು ಎದುರಿಸಲು ದೇಹ ತಯಾರಿಸುವ ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 10 ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ ಅಥವಾ ಹೆಚ್ಚು ಇದೆಯೇ ಎಂದು ನೋಡಬೇಕು. ರಜೆಗೆ ಹದಿನೈದು ದಿನವಿರುವಾಗ ನೆನಪಾದರೆ ಪ್ರಯೋಜನವಿಲ್ಲ. ಸಹನಾ ಸೆಪ್ಟೆಂಬರಿನಲ್ಲೇ ಮೊದಲ ಡೋಸ್ ಹಾಕಿಸಿಕೊಂಡಳು.

ಅರ್ಜಿಯ ವಿಷಯಕ್ಕೆ ಬಂದಾಗ ನಾವಿಬ್ಬರೂ ಕುಳಿತು ಹಳೆಯ ಪತ್ರವನ್ನು ಓದಿದೆವು. ಅದರಲ್ಲಿ ಪಿಸಿಆರ್, ಸೆಲ್ ಕಲ್ಚರ್, ಬಯೋಇನ್ಫರ್ಮ್ಯಾಟಿಕ್ಸ್ ಎಲ್ಲವೂ ಇದ್ದವು. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಕೆಲಸಕ್ಕೆ ಎಂಬುದು ಮಾತ್ರ ಇರಲಿಲ್ಲ. ಹೊಸ ಪತ್ರವನ್ನು ಎಚ್.ಆರ್. ವಿಭಾಗಕ್ಕೆ ಬರೆಯದೆ ಲ್ಯಾಬಿನ ಇನ್‌ಚಾರ್ಜ್‌ಗೆ ಬರೆದೆವು: ಜನವರಿಯ ರಜೆಯಲ್ಲಿ ನಾಲ್ಕು ವಾರ ಬರುತ್ತೇನೆ, ಮಾದರಿ ಸ್ವೀಕರಿಸುವ ಮೇಜಿನಲ್ಲಿ ನಿಲ್ಲಿಸಿದರೂ ಸಾಕು, ವಿಭಾಗದ ಮುಖ್ಯಸ್ಥರ ಪತ್ರವನ್ನೂ ಲಸಿಕೆಯ ದಾಖಲೆಯನ್ನೂ ಲಗತ್ತಿಸಿದ್ದೇನೆ. ಬೆಂಗಳೂರಿನ ದೊಡ್ಡ ಹೆಸರುಗಳನ್ನು ಬಿಟ್ಟು, ತನ್ನ ಊರಿನ ಸಮೀಪದ ಜಿಲ್ಲಾ ಕೇಂದ್ರದ ಮಧ್ಯಮ ಗಾತ್ರದ ಆಸ್ಪತ್ರೆಗಳಿಗೂ ಕಳಿಸಲು ಹೇಳಿದೆ. ಒಪ್ಪಿಕೊಂಡವರನ್ನು ಕೇಳಬೇಕಾದ ಪ್ರಶ್ನೆ ಒಂದೇ ಎಂದೆ. ನಾನು ಮಾಡಿದ್ದನ್ನು ಯಾರು ಪರಿಶೀಲಿಸುತ್ತಾರೆ? ತಪ್ಪಿದರೆ ತೊಂದರೆಯಾಗುವಂಥ ಕೆಲಸವನ್ನು ಕೊಟ್ಟು, ಅದು ತಪ್ಪದಂತೆ ಪಕ್ಕದಲ್ಲಿ ನಿಂತು ನೋಡುವವರು ಇರುವ ಜಾಗದಲ್ಲಿ ಮಾತ್ರ ಅನುಭವ ಸಿಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಂತ್ರ ಎಷ್ಟು ದುಬಾರಿಯದು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಊರ ಕಡೆಯ ಒಂದು ಆಸ್ಪತ್ರೆ ಒಪ್ಪಿತು. ಅಲ್ಲಿನ ಇನ್‌ಚಾರ್ಜ್ ಮೂವತ್ತು ವರ್ಷ ಲ್ಯಾಬಿನಲ್ಲೇ ಕಳೆದ ಮಹಿಳೆ. ಲಸಿಕೆಯ ಎರಡು ಡೋಸ್ ಮಾತ್ರ ಆಗಿದ್ದುದರಿಂದ ಸಹನಾಳನ್ನು ರಕ್ತ ತೆಗೆಯುವುದಕ್ಕಾಗಲಿ ಟ್ಯೂಬ್ ತೆರೆಯುವುದಕ್ಕಾಗಲಿ ಬಿಡಲಿಲ್ಲ. ಮಾದರಿಯ ಮೇಲಿನ ಹೆಸರು ಮತ್ತು ಸಂಖ್ಯೆಯನ್ನು ಕೋರಿಕೆಯ ಚೀಟಿಯೊಂದಿಗೆ ತಾಳೆ ನೋಡುವುದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಇರುವ ತಿಳಿನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಗೆರೆಯವರೆಗೆ ಇದೆಯೇ ಎಂದು ನೋಡುವುದು, ಬೆಳಿಗ್ಗೆ ಕಂಟ್ರೋಲ್ ಮಾದರಿಯ (ಮೌಲ್ಯ ಮೊದಲೇ ಗೊತ್ತಿರುವ ಮಾದರಿ) ಫಲಿತಾಂಶವನ್ನು, ಯಂತ್ರ ದಿನವೂ ಸರಿಯಾಗಿ ಅಳೆಯುತ್ತಿದೆಯೇ ಎಂದು ತೋರಿಸುವ ಲೆವಿ-ಜೆನ್ನಿಂಗ್ಸ್ ನಕ್ಷೆಯಲ್ಲಿ ಗುರುತಿಸುವುದು, ಇಷ್ಟೇ ಕೆಲಸ. ಮೊದಲ ವಾರ ನನಗೆ ಫೋನ್ ಮಾಡಿ ಬೇಸರ ತೋಡಿಕೊಂಡಳು. ಅಲ್ಲೇ ಇರಲು ಹೇಳಿದೆ.

ಎರಡನೇ ವಾರ ಒಬ್ಬ ರೋಗಿಯ ವರದಿಯಲ್ಲಿ ಪೊಟ್ಯಾಸಿಯಂ 11 ಬಂತು. ಸಾಮಾನ್ಯವಾಗಿ ಅದು 3.5ರಿಂದ 5ರ ಆಸುಪಾಸಿನಲ್ಲಿರಬೇಕು. ಕ್ಯಾಲ್ಸಿಯಂ ತೀರಾ ಕೆಳಗಿತ್ತು. ಇಷ್ಟು ಏರುಪೇರಾದರೆ ಜೀವಕ್ಕೇ ಅಪಾಯ, ಆದರೆ ರೋಗಿ ವಾರ್ಡಿನಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. “ನೋಡಮ್ಮ, ಇದು ಯಾಕೆ ಹೀಗೆ ಬಂತು ಅಂತ ನೀನೇ ಹುಡುಕು,” ಎಂದು ಇನ್‌ಚಾರ್ಜ್ ವರದಿಯನ್ನು ತಡೆಹಿಡಿದರು. ಸಹನಾ ಮೊದಲು ಕೆಂಪು ಕಣಗಳು ಒಡೆದು ಒಳಗಿನ ಪೊಟ್ಯಾಸಿಯಂ ಹೊರಬಂದಿರಬಹುದೆಂದು ಊಹಿಸಿದಳು. ಆದರೆ ಸೀರಂ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವ, ಕೆಂಪಾಗಿರಲಿಲ್ಲ, ಒಡೆದಿದ್ದರೂ ಅದರಿಂದ ಕ್ಯಾಲ್ಸಿಯಂ ಇಷ್ಟು ಇಳಿಯುವುದಿಲ್ಲ. ಕೊನೆಗೆ ಆಕೆಗೆ ಹೊಳೆಯಿತು: ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಪೊಟ್ಯಾಸಿಯಂ ಲವಣ, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದಲೇ ರಕ್ತ ಹೆಪ್ಪುಗಟ್ಟುವುದಿಲ್ಲ. ವಾರ್ಡಿನಲ್ಲಿ ವಿಚಾರಿಸಿದಾಗ, ಒಂದು ಟ್ಯೂಬಿಗೆ ರಕ್ತ ಸಾಲದೆ ನೇರಳೆ ಟ್ಯೂಬಿನಿಂದ ಸ್ವಲ್ಪ ಸುರಿದದ್ದು ತಿಳಿಯಿತು. ಹೊಸ ಮಾದರಿಯಲ್ಲಿ ಎರಡೂ ಅಂಶಗಳು ಸರಿಯಾಗಿದ್ದವು. ಎರಡನೇ ಸೆಮಿಸ್ಟರಿನಲ್ಲಿ ಒಂದು ಸಾಲಾಗಿ ಓದಿ ಮರೆತಿದ್ದ ಇಡಿಟಿಎ, ಒಬ್ಬ ಮನುಷ್ಯನಿಗೆ ಬೇಡದ ಚಿಕಿತ್ಸೆ ನಡೆಯುವುದನ್ನು ತಪ್ಪಿಸುವ ತಿಳಿವಳಿಕೆಯಾಗಿ ಮರಳಿ ಬಂದಿತ್ತು. ಅದನ್ನು ಹೇಳುವಾಗ ಆಕೆಯ ದನಿಯಲ್ಲಿದ್ದ ಸಂತೋಷ ನನಗೆ ಇನ್ನೂ ನೆನಪಿದೆ.

ದಿನಚರಿ ಬರೆಯುವ ಬಗ್ಗೆ ನಾನು ಒತ್ತಾಯವನ್ನೇ ಮಾಡಿದ್ದೆ. ನೋಡಿದ್ದು, ಇನ್ನೊಬ್ಬರ ಸಹಾಯದಿಂದ ಮಾಡಿದ್ದು, ತಾನೇ ಮಾಡಿದ್ದು ಎಂದು ಬೇರೆ ಬೇರೆಯಾಗಿ ಬರೆದು ವಾರಕ್ಕೊಮ್ಮೆ ಇನ್‌ಚಾರ್ಜ್ ಸಹಿ ಪಡೆಯಬೇಕು. ರೋಗಿಯ ಹೆಸರಾಗಲಿ ಸಂಖ್ಯೆಯಾಗಲಿ ಅದರಲ್ಲಿ ಇರಕೂಡದು, ಮೊಬೈಲಿನಲ್ಲಿ ವರದಿಯ ಚಿತ್ರ ತೆಗೆಯಲೇಕೂಡದು. ನಾಲ್ಕು ವಾರದ ಕೊನೆಯಲ್ಲಿ ಇನ್‌ಚಾರ್ಜ್ ಆ ದಿನಚರಿಯನ್ನು ನೋಡಿಕೊಂಡೇ, ಯಾವ ಕೆಲಸವನ್ನು ಎಷ್ಟರ ಮಟ್ಟಿಗೆ ಕಲಿತಿದ್ದಾಳೆಂದು ಒಂದು ಪುಟದ ಪತ್ರ ಬರೆದುಕೊಟ್ಟರು.

ಸಂಶೋಧನೆಯ ಕಡೆಗೆ ಮನಸ್ಸಿರುವವರಿಗೆ ಒಂದು ಮಾತು ಸೇರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗರಾಜ್‌ನ ಅಕಾಡೆಮಿಗಳ ಜೊತೆಗೂಡಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಹಾಕಬೇಕಾಗುತ್ತದೆ. ಬೇಸಿಗೆ ಬಂದ ಮೇಲೆ ಹುಡುಕಲು ಹೊರಟವರೇ ಹಣ ಕೀಳುವ ತರಬೇತಿಗಳಿಗೆ ಸಿಕ್ಕಿಬೀಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹಾಗಾಗಿ ಎರಡನೇ ವರ್ಷದಲ್ಲಿರುವವರಿಗೆ ಈ ದಿನಾಂಕವನ್ನು ಗುರುತು ಹಾಕಿಕೊಳ್ಳಲು ಈಗ ನಾನೇ ಮುಂದಾಗಿ ಹೇಳುತ್ತೇನೆ.

ಸಹನಾ ಆರನೇ ಸೆಮಿಸ್ಟರಿನಲ್ಲಿ ಆ ಒಂದು ಪುಟದ ಪತ್ರವನ್ನು ತೋರಿಸಿ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಶನಿವಾರಗಳಂದು ಮಾದರಿ ಸ್ವೀಕರಿಸುವ ಕೆಲಸಕ್ಕೆ ಸೇರಿಕೊಂಡಳು. ಮಾರ್ಚಿನಲ್ಲಿ ಮೂರನೇ ಡೋಸ್ ಆಯಿತು. ಮೇ ತಿಂಗಳಲ್ಲಿ ಪ್ರತಿಕಾಯದ ವರದಿ ಸಮಾಧಾನಕರವಾಗಿ ಬಂದ ಮೇಲೆ, ಹಿರಿಯ ಟೆಕ್ನಿಷಿಯನ್ ಒಬ್ಬರ ಪಕ್ಕದಲ್ಲಿ ನಿಂತು ರಕ್ತ ತೆಗೆಯುವುದನ್ನು ಕಲಿಯಲು ಆರಂಭಿಸಿದ್ದಾಳೆ. ಮೊದಲ ಸಲ ಸೂಜಿ ಹಿಡಿದಾಗ ಕೈ ನಡುಗಲಿಲ್ಲ ಎಂದು ನನಗೂ ಅಪ್ಪನಿಗೂ ಒಂದೇ ದಿನ ಫೋನ್ ಮಾಡಿ ಹೇಳಿದಳು.