ರಕ್ತ ನಿಮ್ಮದು, ರಿಪೋರ್ಟ್ ಯಾರದು?

ಪ್ರಶ್ನೆ: ಬ್ಯಾಟರಿ ಕಾರ್ಖಾನೆಯಲ್ಲಿ ಸೀಸ ಕರಗಿಸುವ ಕಡೆ ಗುತ್ತಿಗೆ ಕೆಲಸ. ಆರು ತಿಂಗಳಿಗೊಮ್ಮೆ ರಕ್ತ ತೆಗೆಯುತ್ತಾರೆ. ರಿಪೋರ್ಟ್ ಕೇಳಿದರೆ ‘ನಾರ್ಮಲ್ ಇದೆ, ಕಾನ್ಫಿಡೆನ್ಶಿಯಲ್’ ಅಂತಾರೆ. ಈಗ ಹೊಟ್ಟೆ ನುಲಿತ, ಮಲಬದ್ಧತೆ, ಸುಸ್ತು. ಕೆಲಸ ಬಿಟ್ಟುಬಿಡಲಾ?

ಉತ್ತರ: ಈ ‘ಕಾನ್ಫಿಡೆನ್ಶಿಯಲ್’ ಕೇಳಿ ಕೇಳಿ ನನಗೆ ಸಾಕಾಗಿದೆ. ನಿಮ್ಮ ರಿಪೋರ್ಟ್ ಪಕ್ಕದವರಿಗೆ ತೋರಿಸಬಾರದು ಅಂತ ಅದರ ಅರ್ಥ. ನಿಮಗೇ ತೋರಿಸಬಾರದು ಅಂತಲ್ಲ ಸ್ವಾಮಿ! 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆ ತಿದ್ದಿದರು. ಅಪಾಯಕಾರಿ ಕೆಲಸ ಮಾಡಿಸುವವರು ಅಪಾಯ ಏನೆಂದು ಕೆಲಸಗಾರರಿಗೆ ಹೇಳಲೇಬೇಕು, ಅವರ ಆರೋಗ್ಯದ ದಾಖಲೆ ಅವರಿಗೆ ಸಿಗಬೇಕು ಅಂತ ಅದರಲ್ಲಿ ಬಂತು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲೂ ಮಾಹಿತಿ ಕೇಳುವ ಹಕ್ಕಿದೆ. ಗುತ್ತಿಗೆಯವರು ಅನ್ನುವ ನೆಪ ನಡೆಯಲ್ಲ.

ಕೆಲಸ ಬಿಡುವುದು ಆಮೇಲೆ. ಮೊದಲು ನಿಮ್ಮದೇ ಖರ್ಚಿನಲ್ಲಾದರೂ ‘ಬ್ಲಡ್ ಲೆಡ್’ ಪರೀಕ್ಷೆ ಮಾಡಿಸಿ, ಅದೂ ಈ ವಾರವೇ. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಆದರೆ ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ. ಪರೀಕ್ಷೆಗೆ ಎರಡು ತಿಂಗಳು ಮುಂಚೆ ಕೆಲಸಗಾರರನ್ನು ಸೀಸದ ಕಡೆಯಿಂದ ತೆಗೆದು ಪ್ಯಾಕಿಂಗ್‌ಗೆ ಹಾಕಿ ‘ನಾರ್ಮಲ್’ ಬರಿಸಿದ ಕಡೆ ನಾನು ಕಂಡಿದ್ದೇನೆ. ರಕ್ತ ಕೊಡುವ ಮುಂಚೆ ತೋಳು ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಚರ್ಮದ ಮೇಲಿನ ಧೂಳು ಸೂಜಿಗೆ ತಗುಲಿದರೂ ಲೆಕ್ಕ ತಪ್ಪುತ್ತದೆ. ರಕ್ತದ ಡೆಸಿಲೀಟರಿಗೆ (100 ಮಿ.ಲೀ.ಗೆ) ಸೀಸ 5 ಮೈಕ್ರೋಗ್ರಾಂ ಮುಟ್ಟಿದರೆ ಸಾಕು, ಅದು ಎಲ್ಲಿಂದ ಬಂತೆಂದು ಹುಡುಕಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಿಮ್ಮ ಹಾಗೇ ಒಬ್ಬರು ಎಂಟು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಬಂದಿದ್ದರು. ಬಾಯಿ ತೆರೆಸಿದೆ. ಹಲ್ಲು ವಸಡಿಗೆ ಸೇರುವ ಕಡೆ ಪೆನ್ನಿನಲ್ಲಿ ಎಳೆದ ಹಾಗೆ ನೀಲಿ ಗೆರೆ. ಅದು ಸೀಸದ ಗುರುತು. ಮೂವರು ಡಾಕ್ಟರ್ ನೋಡಿದ್ದರಂತೆ, ‘ಏನು ಕೆಲಸ ಮಾಡ್ತೀರಿ’ ಅಂತ ಒಬ್ಬರೂ ಕೇಳಿರಲಿಲ್ಲ. ಸೀಸದ ಕಾಯಿಲೆ ಕಂಡರೆ ಸರ್ಕಾರಕ್ಕೆ ತಿಳಿಸುವುದು ಡಾಕ್ಟರ ಕಾನೂನುಬದ್ಧ ಕೆಲಸ. ನಮ್ಮವರಿಗೇ ಇದು ನೆನಪಿರುವುದಿಲ್ಲ, ನೀವೇ ನೆನಪಿಸಿ.

ರಿಪೋರ್ಟನ್ನು ಬಾಯಲ್ಲಿ ಕೇಳಬೇಡಿ. ಕನ್ನಡದಲ್ಲೇ ಅರ್ಜಿ ಬರೆದು ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ. ಸೀಲು ಕೊಡದಿದ್ದರೆ ಸ್ಪೀಡ್ ಪೋಸ್ಟ್. ಆಗಲೂ ಕೊಡದಿದ್ದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ದೂರು. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸಹಿ ಹಾಕಿ. ಒಬ್ಬರನ್ನು ಕೆಲಸದಿಂದ ತೆಗೆಯುವುದು ಸುಲಭ, ನಾಲ್ವರನ್ನು ಅಷ್ಟು ಸುಲಭವಲ್ಲ. ವಾಟ್ಸಾಪಿನಲ್ಲಿ ವಿಡಿಯೋ ಹಾಕುವ ಆತುರ ಸದ್ಯಕ್ಕೆ ಬೇಡ. ಇಎಸ್‌ಐ ವಿಮೆ ಇದ್ದರೆ ಸೀಸದ ಕಾಯಿಲೆ ಅಲ್ಲಿ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಆ ಕೆಲಸ ಸತತ ಆರು ತಿಂಗಳು ಮಾಡಿದ್ದರೆ ಕಾಯಿಲೆ ಕೆಲಸದಿಂದಲೇ ಬಂತು ಅಂತ ಕಾನೂನು ಹಿಡಿಯುತ್ತದೆ. ಹಾಜರಿ, ವೇತನ ಚೀಟಿ ಜೋಪಾನ.

ಇನ್ನೊಂದು, ಕೆಲಸದ ಬಟ್ಟೆ ಮನೆಗೆ ತರಬೇಡಿ. ಮಕ್ಕಳ ರಕ್ತಕ್ಕೆ ಅದೇ ದಾರಿ.

ಪ್ರಶ್ನೆ: ಸೀಸ ಇಳಿಸುವ ಭಸ್ಮ ಇದೆಯಂತೆ?

ಉತ್ತರ: ನಾಗಭಸ್ಮ ಅಂದರೆ ಸೀಸದ್ದೇ ಭಸ್ಮ. ಅದನ್ನು ಮಾರುವವರ ಅಂಗಡಿ ಕಡೆ ತಲೆ ಹಾಕಬೇಡಿ.

ಪ್ರಶ್ನೆ: ‘ಅಪಾಯ ಗೊತ್ತಿದೆ, ಪರಿಹಾರ ಕೇಳಲ್ಲ’ ಅಂತ ಸಹಿ ಹಾಕಿಸಿಕೊಂಡಿದ್ದಾರೆ.

ಉತ್ತರ: ಆ ಕಾಗದಕ್ಕೆ ಬೆಲೆ ಇಲ್ಲ. ಪರಿಹಾರದ ಹಕ್ಕನ್ನು ಬರೆದುಕೊಟ್ಟು ಬಿಡಲು ಆಗುವುದಿಲ್ಲ.

ಪ್ರಶ್ನೆ: ಗ್ರಾನೈಟ್ ಪಾಲಿಶಿಂಗ್‌ನಲ್ಲಿ ದಿನಾ ಬೆಲ್ಲ ಕೊಡುತ್ತಾರೆ. ಧೂಳು ಇಳಿಯುತ್ತದಾ?

ಉತ್ತರ: ಧೂಳು ಕೂರುವುದು ಶ್ವಾಸಕೋಶದಲ್ಲಿ, ಬೆಲ್ಲ ಹೋಗುವುದು ಹೊಟ್ಟೆಗೆ. ಎರಡೂ ಭೇಟಿಯೇ ಆಗುವುದಿಲ್ಲ. ಕಲ್ಲಿನ ಮೇಲೆ ನೀರು ಹರಿಸಿ ಕೆಲಸ ಮಾಡಿಸಿ ಅಂತ ಕೇಳಿ. ಬೆಲ್ಲಕ್ಕಿಂತ ನೀರೇ ಅಗ್ಗ ಅಲ್ವಾ?